ಎರಡನೇ ಇಪ್ಪತ್ತೊಂದು ಕಿಲೋಮೀಟರ್

ನಲವತ್ತೆರಡು ಕಿಲೋಮೀಟರಿನ ಮುಂಬೈ ಮ್ಯಾರಥಾನ್ ಓಡಿದವರಿಗೆಲ್ಲ ಪೆಡ್ಡರ್ ರೋಡ್ ಗೊತ್ತು. ದೊಡ್ಡ ಬೆಟ್ಟವೇನಲ್ಲ, ಒಂದು ಸಾಧಾರಣ ಏರು. ಹೋಗುವಾಗ ಇನ್ನೂ ಕತ್ತಲಿರುತ್ತದೆ, ಕಾಲಲ್ಲಿ ಕಸುವಿರುತ್ತದೆ, ಹತ್ತಿದ್ದೇ ಗೊತ್ತಾಗುವುದಿಲ್ಲ. ವಾಪಸ್ ಬರುವಾಗ ಅದೇ ಏರು ಮೂವತ್ತೈದು ಕಿಲೋಮೀಟರ್ ದಾಟಿದ ಮೇಲೆ ಸಿಗುತ್ತದೆ. 2024ರ ಜನವರಿ 21ರಂದು ನಾನು ಅಲ್ಲಿ ನಿಂತುಬಿಟ್ಟೆ. ಡಿವೈಡರ್ ಹಿಡಿದುಕೊಂಡು ನಿಂತೆ. ಕಾಲು ಎತ್ತಿಡು ಅಂತ ತಲೆ ಹೇಳುತ್ತಿತ್ತು, ಕಾಲು ಏಳುತ್ತಿರಲಿಲ್ಲ.

ಮೊದಲ ಅರ್ಧಕ್ಕೆ ತಗೊಂಡದ್ದು 2 ಗಂಟೆ 14 ನಿಮಿಷ. ಎರಡನೇ ಅರ್ಧಕ್ಕೆ 2 ಗಂಟೆ 58 ನಿಮಿಷ. ಒಟ್ಟು 5 ಗಂಟೆ 12 ನಿಮಿಷ.

ಬೆಂಗಳೂರಿಗೆ ವಾಪಸಾದ ಮೇಲೆ ನಮ್ಮ ಓಟದ ಗುಂಪಿನಲ್ಲಿ ಎಲ್ಲರೂ ಒಂದೇ ಮಾತು ಹೇಳಿದರು. "ಮೂವತ್ತು ದಾಟಿದ ಮೇಲೆ ಓಡೋದು ಕಾಲಲ್ಲ ಕಣ್ರೀ, ಮನಸ್ಸು. ಇನ್ನೊಂಚೂರು ಗಟ್ಟಿ ಮಾಡ್ಕೋಬೇಕಿತ್ತು." ನಾನೂ ಹಾಗೇ ನಂಬಿದೆ. ಫೆಬ್ರವರಿ, ಮಾರ್ಚ್ ಪೂರ್ತಿ ಇನ್ನೂ ಜೋರಾಗಿ ಓಡಿದೆ. ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಲಾಲ್‌ಬಾಗ್‌ನ ಬಂಡೆ ಹತ್ತುತ್ತಿದ್ದೆ. ಅರ್ಧದಲ್ಲೇ ಉಸಿರು ಸಾಲದೆ ಕೂತೆ. ಆ ಬಂಡೆಯನ್ನು ಐದು ವರ್ಷದಿಂದ ವಾರಕ್ಕೆ ಮೂರು ಸಲ ಹತ್ತಿದ್ದೇನೆ. ಮನೆಯಲ್ಲಿ ಎರಡನೇ ಮಹಡಿಗೆ ಹೋದರೂ ಎದೆ ಹೊಡೆದುಕೊಳ್ಳುತ್ತಿತ್ತು. ಬಾಚಣಿಗೆ ತುಂಬ ಕೂದಲು ಬರುತ್ತಿತ್ತು. ಇದು ಮನಸ್ಸಿನ ವಿಷಯ ಅಲ್ಲ ಅಂತ ಆವತ್ತು ಅನ್ನಿಸಿತು.

ಮೊದಲು ಹೋದ ಕಡೆ ರಕ್ತ ಪರೀಕ್ಷೆ ಮಾಡಿಸಿದರು. ಹಿಮೋಗ್ಲೋಬಿನ್ 12.2 ಬಂತು. ಹೆಂಗಸರಿಗೆ 12ಕ್ಕಿಂತ ಕೆಳಗಿದ್ದರೆ ರಕ್ತಹೀನತೆ ಅನ್ನುತ್ತಾರೆ, ನನ್ನದು ಆ ಗೆರೆಯ ಮೇಲಿತ್ತು. "ನಾರ್ಮಲ್ ಇದೆ. ನಲವತ್ತೊಂದು ಆಯ್ತಲ್ಲ, ಓಟ ಕಮ್ಮಿ ಮಾಡಿ" ಎಂದು ಕಳಿಸಿದರು. ಓಡುವ ಹೆಂಗಸರಲ್ಲಿ ಎಷ್ಟು ಜನ ಇದೇ ಮಾತು ಕೇಳಿಸಿಕೊಂಡು ಮನೆಗೆ ಬಂದಿರಬಹುದು ಅಂತ ಯೋಚಿಸಿದರೆ ಈಗಲೂ ಬೇಜಾರಾಗುತ್ತದೆ.

ಮೇ ತಿಂಗಳಲ್ಲಿ ಕ್ರೀಡಾಪಟುಗಳನ್ನು ನೋಡುವ ಒಬ್ಬ ಡಾಕ್ಟರ್ ಹತ್ತಿರ ಹೋದೆ. ಅವರು ಇನ್ನೊಂದು ಪರೀಕ್ಷೆ ಬರೆದುಕೊಟ್ಟರು, ಫೆರಿಟಿನ್. ರಿಪೋರ್ಟ್‌ನಲ್ಲಿ 11 ಅಂತ ಇತ್ತು. ದೊಡ್ಡವರಲ್ಲಿ 15ಕ್ಕಿಂತ ಕಮ್ಮಿ ಇದ್ದರೆ ದೇಹದ ಕಬ್ಬಿಣದ ದಾಸ್ತಾನು ಮುಗಿದಿದೆ ಅಂತಲೇ ಲೆಕ್ಕ. ಓಟಗಾರರಿಗೆ 30ಕ್ಕಿಂತ ಮೇಲೆ ಇರಲಿ ಅನ್ನುತ್ತಾರೆ. ಡಾಕ್ಟರ್ ಹೇಳಿದ ರೀತಿ ನನಗೆ ಇನ್ನೂ ನೆನಪಿದೆ. "ಹಿಮೋಗ್ಲೋಬಿನ್ ಅಂದ್ರೆ ಇವತ್ತು ಒಲೆ ಮೇಲಿರೋ ಅನ್ನ. ಫೆರಿಟಿನ್ ಅಂದ್ರೆ ಮೂಟೇಲಿರೋ ಅಕ್ಕಿ. ನಿಮ್ಮನೇಲಿ ಅನ್ನ ಇದೆ, ಮೂಟೆ ಖಾಲಿ."

ಕಬ್ಬಿಣ ಎಲ್ಲಿ ಹೋಯಿತು? ಒಂದೇ ಕಡೆ ಅಲ್ಲ. ತಿಂಗಳ ಮುಟ್ಟಿನಲ್ಲಿ ಹೋಗುತ್ತದೆ. ನನಗೆ ಎರಡು ವರ್ಷದಿಂದ ಜಾಸ್ತಿಯೇ ಆಗುತ್ತಿತ್ತು, ವಯಸ್ಸಿನದು ಅಂತ ಸುಮ್ಮನಿದ್ದೆ. ಓಡುವಾಗ ಪಾದ ನೆಲಕ್ಕೆ ಬಡಿದು ಬಡಿದು ಒಂದಿಷ್ಟು ಕೆಂಪು ರಕ್ತಕಣಗಳು ಒಡೆಯುತ್ತವೆ. ಬೆವರಿನಲ್ಲೂ ಚೂರು ಹೋಗುತ್ತದೆ. ಅದರ ಮೇಲೆ, ಕಷ್ಟದ ಓಟ ಮುಗಿದ ಮೂರರಿಂದ ಆರು ಗಂಟೆಯ ಹೊತ್ತಿಗೆ ಹೆಪ್ಸಿಡಿನ್ ಅನ್ನೋ ಹಾರ್ಮೋನು ಏರುತ್ತದೆ. ಅದು ಏರಿದಾಗ ಕರುಳು ಕಬ್ಬಿಣವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಆಮೇಲೆ ಅವರು ಕೇಳಿದರು, "ಕಾಫಿ ಯಾವಾಗ ಕುಡೀತೀರಾ?"

ಓಟ ಮುಗಿಸಿ ಬಂದು, ಸ್ನಾನ ಮಾಡಿ, ಉಪ್ಪಿಟ್ಟೋ ರಾಗಿ ರೊಟ್ಟಿಯೋ ತಿಂದು, ತಕ್ಷಣ ಒಂದು ಲೋಟ ಫಿಲ್ಟರ್ ಕಾಫಿ. ಮಧ್ಯಾಹ್ನ ಊಟ ಆದ ಕೂಡಲೇ ಆಫೀಸಿನಲ್ಲಿ ಇನ್ನೊಂದು. ಇಪ್ಪತ್ತು ವರ್ಷದ ಅಭ್ಯಾಸ. ಕಾಫಿ, ಟೀ ಎರಡರಲ್ಲೂ ಇರುವ ಒಗರಿನ ಅಂಶ ಊಟದ ಕಬ್ಬಿಣವನ್ನು ಹಿಡಿದಿಟ್ಟುಕೊಂಡು ಹಾಗೇ ಹೊರಗೆ ಕರೆದುಕೊಂಡು ಹೋಗುತ್ತದಂತೆ. ಊಟದ ಜೊತೆ ಕುಡಿದರೂ ಅಷ್ಟೇ, ಊಟವಾಗಿ ಒಂದು ಗಂಟೆಗೆ ಕುಡಿದರೂ ಅಷ್ಟೇ. ಊಟಕ್ಕೆ ಒಂದು ಗಂಟೆ ಮೊದಲು ಕುಡಿದರೆ ತೊಂದರೆ ಇಲ್ಲ. ಹಾಗಾಗಿ ನನ್ನ ಕಾಫಿ ಬೆಳಿಗ್ಗೆ ಐದು ಗಂಟೆಗೆ, ಓಟಕ್ಕೆ ಹೊರಡುವ ಮೊದಲು ಬಂತು. ಎರಡನೆಯದು ಸಂಜೆ ನಾಲ್ಕಕ್ಕೆ ಹೋಯಿತು. ಉಪ್ಪಿಟ್ಟಿನ ಮೇಲೆ ನಿಂಬೆಹಣ್ಣು ಹಿಂಡುವುದು ಶುರುವಾಯಿತು, ಯಾಕಂದ್ರೆ ಅದರ ಹುಳಿ ಕಬ್ಬಿಣ ಹೀರಲು ಸಹಾಯ ಮಾಡುತ್ತದೆ. ರಾಗಿಯನ್ನು ಮೊಳಕೆ ಕಟ್ಟಿ ಹುರಿದು ಹಿಟ್ಟು ಮಾಡಿಸತೊಡಗಿದೆ. ಮೊಳಕೆ ಬಂದರೆ ಕಬ್ಬಿಣಕ್ಕೆ ಅಡ್ಡ ಬರುವ ಫೈಟೇಟ್ ಕಮ್ಮಿಯಾಗುತ್ತದೆ. ನಮ್ಮಜ್ಜಿ ಮಾಡುತ್ತಿದ್ದದ್ದೂ ಹಾಗೇ.

ಮಾತ್ರೆ ದಿನಾ ಅಲ್ಲ, ದಿನ ಬಿಟ್ಟು ದಿನ. ದಿನಾ ತಗೊಂಡರೆ ಹೆಪ್ಸಿಡಿನ್ ಇಳಿಯುವುದೇ ಇಲ್ಲ, ಎರಡನೇ ದಿನದ ಮಾತ್ರೆ ಅರೆಬರೆ ಒಳಗೆ ಸೇರುತ್ತದೆ. ಹೊಟ್ಟೆಗೂ ಹಗುರ. ಇದನ್ನು ಓದಿ ಯಾರೂ ನೀವೇ ಅಂಗಡಿಗೆ ಹೋಗಿ ಮಾತ್ರೆ ತಂದು ನುಂಗಬೇಡಿ. ಕಬ್ಬಿಣ ದೇಹದಲ್ಲಿ ಜಾಸ್ತಿಯಾದರೂ ಅಪಾಯವೇ. ಮೊದಲು ಪರೀಕ್ಷೆ ಮಾಡಿಸಿ.

ಜೂನ್‌ನಲ್ಲಿ ಇನ್ನೊಂದು ಪರೀಕ್ಷೆ ಮಾಡಿಸಿದೆ. ಟ್ರೆಡ್‌ಮಿಲ್ ಮೇಲೆ ಮಾಸ್ಕ್ ಹಾಕಿಕೊಂಡು ಓಡುವುದು. ಮೂಗು ಬಾಯಿ ಎರಡೂ ಮುಚ್ಚುವ ರಬ್ಬರ್ ಮಾಸ್ಕ್, ಅದಕ್ಕೊಂದು ಕೊಳವೆ. ಪ್ರತಿ ಮೂರು ನಿಮಿಷಕ್ಕೆ ವೇಗ ಒಂದಿಷ್ಟು ಏರಿಸುತ್ತಾರೆ. ಅರ್ಧ ನಿಮಿಷ ನಿಲ್ಲಿಸಿ ಬೆರಳು ಚುಚ್ಚಿ ಒಂದು ಹನಿ ರಕ್ತ ತೆಗೆಯುತ್ತಾರೆ. ಮತ್ತೆ ಓಟ. ಕೊನೆಯ ಹಂತದಲ್ಲಿ ಮಾಸ್ಕ್ ಒಳಗೆ ನನ್ನ ಉಸಿರಿನ ಸದ್ದು ಬಿಟ್ಟು ಬೇರೇನೂ ಕೇಳಿಸುತ್ತಿರಲಿಲ್ಲ. ಪರೀಕ್ಷೆ ಮಾಡುತ್ತಿದ್ದ ಹುಡುಗ "ಇನ್ನೊಂದು ನಿಮಿಷ ಮೇಡಂ, ಇನ್ನೊಂದೇ ನಿಮಿಷ" ಅನ್ನುತ್ತಿದ್ದದ್ದು ಅವನ ತುಟಿ ನೋಡಿ ಗೊತ್ತಾಯಿತು.

ಆಮೇಲೆ ಅವನು ಒಂದು ಹಾಳೆ ಇಟ್ಟುಕೊಂಡು ಅರ್ಧ ಗಂಟೆ ವಿವರಿಸಿದ. ನನ್ನ ಮಟ್ಟಿಗೆ ಐದು ವರ್ಷದ ಓಟದಲ್ಲಿ ಅತ್ಯಂತ ಉಪಯೋಗವಾದ ಅರ್ಧ ಗಂಟೆ ಅದು.

ದೂರದ ಓಟಕ್ಕೆ ಮೂರು ಸಂಗತಿ ಮುಖ್ಯ ಎಂದ. ಒಂದು, ದೇಹ ಗರಿಷ್ಠ ಎಷ್ಟು ಆಮ್ಲಜನಕ ಬಳಸಬಲ್ಲದು ಅನ್ನೋದು. ಇದೇ ವಿಓ2 ಮ್ಯಾಕ್ಸ್. ಎರಡು, ಆ ಗರಿಷ್ಠದ ಎಷ್ಟು ಪಾಲನ್ನು ಹೊತ್ತುಗಟ್ಟಲೆ ಬಳಸಬಹುದು ಅನ್ನೋದು. ಅದನ್ನು ತೋರಿಸುವುದು ರಕ್ತದ ಲ್ಯಾಕ್ಟೇಟ್, ಸ್ನಾಯು ಸಕ್ಕರೆ ಸುಡುವಾಗ ಹುಟ್ಟುವ ವಸ್ತು. ಮೂರು, ಒಂದು ವೇಗದಲ್ಲಿ ಓಡಲು ಎಷ್ಟು ಆಮ್ಲಜನಕ ಖರ್ಚಾಗುತ್ತದೆ ಅನ್ನೋದು, ಗಾಡಿಯ ಮೈಲೇಜ್ ಇದ್ದ ಹಾಗೆ. 1991ರಲ್ಲಿ ಅಮೆರಿಕದ ಮೈಕಲ್ ಜಾಯ್ನರ್ ಎಂಬ ವೈದ್ಯ ಈ ಮೂರನ್ನೇ ಇಟ್ಟುಕೊಂಡು, ಮನುಷ್ಯ ಮ್ಯಾರಥಾನನ್ನು 1 ಗಂಟೆ 57 ನಿಮಿಷ 58 ಸೆಕೆಂಡಿನಲ್ಲಿ ಓಡಲು ಸಾಧ್ಯ ಎಂದು ಲೆಕ್ಕ ಹಾಕಿದ್ದರಂತೆ. ಆಗಿನ ವಿಶ್ವದಾಖಲೆ 2:06:50. 2019ರಲ್ಲಿ ವಿಯೆನ್ನಾದಲ್ಲಿ ಎಲಿಯುಡ್ ಕಿಪ್ಚೋಗೆ 1:59:40ಕ್ಕೆ ಮುಗಿಸಿದಾಗ ಆ ಹಳೆಯ ಲೆಕ್ಕದ ಹತ್ತಿರ ಬಂದ ಹಾಗಾಯಿತು. ವೇಗ ಕಾಯುವವರು, ಗಾಳಿ ತಡೆಯುವವರು ಎಲ್ಲ ಇದ್ದ ಓಟವಾದ್ದರಿಂದ ಅದು ದಾಖಲೆಯ ಪುಸ್ತಕಕ್ಕೆ ಸೇರಲಿಲ್ಲ.

ನನ್ನ ವಿಓ2 ಮ್ಯಾಕ್ಸ್ 41. ಅಂದರೆ ಪ್ರತಿ ಕಿಲೋ ತೂಕಕ್ಕೆ ನಿಮಿಷಕ್ಕೆ 41 ಮಿಲಿಲೀಟರ್ ಆಮ್ಲಜನಕ. ಮೇಲ್ಮಟ್ಟದ ಓಟಗಾರರದು 70ರ ಮೇಲಿರುತ್ತದೆ. ನನಗೆ ಆ ಸಂಖ್ಯೆಗಿಂತ ಮುಂದಿನದ್ದೇ ಮುಖ್ಯ ಅನ್ನಿಸಿತು. ಮುಂಬೈನಲ್ಲಿ ನಾನು ಮೊದಲರ್ಧ ಓಡಿದ್ದು ಹೆಚ್ಚುಕಮ್ಮಿ ಗಂಟೆಗೆ 9.5 ಕಿಲೋಮೀಟರ್ ವೇಗದಲ್ಲಿ. ಆ ವೇಗಕ್ಕೆ ನನಗೆ ಬೇಕಾಗುತ್ತಿದ್ದದ್ದು 35.2 ಮಿಲಿಲೀಟರ್. ಅಂದರೆ ನನ್ನ ಗರಿಷ್ಠದಲ್ಲಿ ನೂರಕ್ಕೆ 86 ಪಾಲು. ಲ್ಯಾಕ್ಟೇಟ್ ಸರ್ರನೆ ಏರತೊಡಗುವ ವೇಗ ಕಿಲೋಮೀಟರಿಗೆ 6 ನಿಮಿಷ 10 ಸೆಕೆಂಡ್, ನಾನು ಓಡಿದ್ದು 6:21ರಲ್ಲಿ. ಅಂಚಿಗೆ ಅಷ್ಟು ಹತ್ತಿರ ನಾಲ್ಕೂವರೆ ಗಂಟೆ ಇರಲು ಯಾರಿಗೂ ಆಗುವುದಿಲ್ಲ. ಲ್ಯಾಕ್ಟೇಟ್ ವಿಷ ಅಂತ ನಾನು ತಿಳಿದುಕೊಂಡಿದ್ದೆ. ಹಾಗಲ್ಲ, ಹೃದಯವೂ ಸ್ನಾಯುಗಳೂ ಅದನ್ನು ಉರುವಲು ಮಾಡಿಕೊಳ್ಳುತ್ತವೆ. ಆದರೆ ಅದು ಏರುತ್ತಿದೆ ಅಂದರೆ ಮೈ ಸಕ್ಕರೆಯನ್ನು ಭರ್ರನೆ ಸುಡುತ್ತಿದೆ ಅಂತ ಅರ್ಥ.

ಸಕ್ಕರೆ ಎಷ್ಟಿರುತ್ತದೆ? ಸ್ನಾಯು, ಯಕೃತ್ತು ಎರಡೂ ಸೇರಿ ಸುಮಾರು 400–500 ಗ್ರಾಂ ಗ್ಲೈಕೋಜೆನ್. ಎರಡು ಸಾವಿರ ಕ್ಯಾಲೊರಿ ಒಳಗೆ. ಓಟಕ್ಕೆ ಕಿಲೋ ತೂಕಕ್ಕೆ, ಕಿಲೋಮೀಟರಿಗೆ ಸುಮಾರು ಒಂದು ಕ್ಯಾಲೊರಿ ಖರ್ಚು. ನನ್ನ ತೂಕ 58 ಕಿಲೋ. ನಲವತ್ತೆರಡಕ್ಕೆ ಗುಣಿಸಿದರೆ 2,400ಕ್ಕೂ ಮೇಲೆ. ನಿಧಾನ ಓಡಿದರೆ ಕೊಬ್ಬು ದೊಡ್ಡ ಪಾಲು ಹೊರುತ್ತದೆ. ಅಂಚಿನಲ್ಲಿ ಓಡಿದರೆ ಸಕ್ಕರೆಯೇ ಹೊರಬೇಕು. ನಾನು ಆವತ್ತು ದಾರಿಯಲ್ಲಿ ತಿಂದದ್ದು ಅರ್ಧ ಬಾಳೆಹಣ್ಣು, ಎರಡು ಖರ್ಜೂರ. ಪೆಡ್ಡರ್ ರೋಡ್‌ನಲ್ಲಿ ಡಿವೈಡರ್ ಹಿಡಿದು ನಿಂತವಳ ಮನಸ್ಸಿನಲ್ಲಿ ಯಾವ ಕೊರತೆಯೂ ಇರಲಿಲ್ಲ. ಆ ಹಾಳೆ ನೋಡುತ್ತಾ ನನಗೆ ಕಣ್ಣಲ್ಲಿ ನೀರು ಬಂತು. ಐದು ತಿಂಗಳು ನನ್ನನ್ನೇ ಬೈದುಕೊಂಡಿದ್ದೆ.

ಇನ್ನೊಂದು ವಿಷಯವೂ ಆ ಹಾಳೆಯಲ್ಲಿತ್ತು. 220ರಿಂದ ವಯಸ್ಸು ಕಳೆದರೆ ಗರಿಷ್ಠ ಎದೆಬಡಿತ ಅನ್ನುತ್ತಾರಲ್ವಾ? ನನ್ನ ವಾಚು ಆ ಲೆಕ್ಕದಲ್ಲೇ 179 ಅಂದುಕೊಂಡಿತ್ತು. ಪರೀಕ್ಷೆಯಲ್ಲಿ ಬಂದದ್ದು 171. ಆ ಸೂತ್ರ ಸರಾಸರಿಗೆ ಸರಿ, ಒಬ್ಬೊಬ್ಬರಿಗೆ ಹತ್ತು ಹನ್ನೆರಡು ಬಡಿತ ಆಚೀಚೆ ಆಗುವುದು ಮಾಮೂಲು. ಹಾಗಾಗಿ "ಸುಲಭ ಓಟ" ಅಂತ ನಾನು 140ರಲ್ಲಿ ಓಡುತ್ತಿದ್ದದ್ದು ಸುಲಭವೇ ಅಲ್ಲ. ನನಗೆ ಸುಲಭ ಅಂದರೆ 128ರ ಒಳಗೆ.

128ರ ಒಳಗೆ ಓಡುವುದು ಎಷ್ಟು ಕಷ್ಟ ಅಂತ ಜುಲೈನಲ್ಲಿ ಗೊತ್ತಾಯಿತು. ಲಾಲ್‌ಬಾಗ್‌ನಲ್ಲಿ ಚೂರು ಏರು ಬಂದರೆ ನಡೆಯಬೇಕು. ಬೆಳಗಿನ ವಾಕಿಂಗ್‌ನವರು ನನ್ನನ್ನು ದಾಟಿ ಹೋಗುತ್ತಿದ್ದರು. ನಮ್ಮ ಗುಂಪಿನಲ್ಲಿ ಎಪ್ಪತ್ತರ ಹತ್ತಿರದ ಒಬ್ಬ ಹಿರಿಯರಿದ್ದಾರೆ, ಎಲ್ಲರೂ ಅವರನ್ನು ರಾಯರು ಅನ್ನುತ್ತೇವೆ. "ವಾಚ್ ಬಿಡಮ್ಮಾ, ನನ್ ಜೊತೆ ಮಾತಾಡ್ಕೊಂಡ್ ಬಾ. ಪೂರ್ತಿ ವಾಕ್ಯ ಹೇಳಕ್ಕಾಗ್ಲಿಲ್ಲ ಅಂದ್ರೆ ಜೋರಾಗಿದೀಯಾ ಅಂತ" ಎಂದರು. ನಾಲ್ಕು ತಿಂಗಳು ಅವರ ಜೊತೆ ಮಾತಾಡಿಕೊಂಡು ಓಡಿದೆ. ವಾರಕ್ಕೆ ಐದು ಓಟ. ನಾಲ್ಕು ನಿಧಾನ, ಒಂದು ಮಾತ್ರ ಅಂಚಿನ ವೇಗದಲ್ಲಿ. ಭಾನುವಾರ ಕನಕಪುರ ರಸ್ತೆಯಲ್ಲಿ ಉದ್ದದ ಓಟ.

ನಿಧಾನ ಓಟ ಒಳಗೆ ಏನು ಮಾಡುತ್ತದೆ ಅಂದರೆ, ಹೃದಯ ಒಂದೊಂದು ಬಡಿತಕ್ಕೆ ಹೆಚ್ಚು ರಕ್ತ ತಳ್ಳಲು ಕಲಿಯುತ್ತದೆ. ಸ್ನಾಯುವಿನೊಳಗೆ ಸಣ್ಣ ರಕ್ತನಾಳಗಳು ಹೆಚ್ಚುತ್ತವೆ. ಆಮ್ಲಜನಕ ಬಳಸಿ ಶಕ್ತಿ ಮಾಡುವ ಮೈಟೊಕಾಂಡ್ರಿಯ ಹೆಚ್ಚುತ್ತವೆ. ಇದ್ಯಾವುದೂ ಕನ್ನಡಿಯಲ್ಲಿ ಕಾಣುವುದಿಲ್ಲ. ಬೆಳಿಗ್ಗೆ ಹಾಸಿಗೆಯಲ್ಲಿ ಮಲಗಿದ್ದಾಗಿನ ನನ್ನ ಎದೆಬಡಿತ ಮಾತ್ರ ಜೂನ್‌ನಲ್ಲಿ 64 ಇದ್ದದ್ದು ಅಕ್ಟೋಬರ್ ಹೊತ್ತಿಗೆ 55 ಆಗಿತ್ತು. ಆ ಹೊತ್ತಿಗೆ ಫೆರಿಟಿನ್ 38. ಎರಡನೇ ಮಹಡಿಗೆ ಹತ್ತಿದ್ದು ಗೊತ್ತಾಗುತ್ತಿರಲಿಲ್ಲ.

ಮೈಲೇಜ್ ಸರಿಮಾಡಲು ಮಾಡಿದ್ದು ತೀರಾ ಸರಳ. ಅಡುಗೆಮನೆ ಹೊಸ್ತಿಲ ಮೇಲೆ ಪಾದದ ಮುಂಭಾಗ ಇಟ್ಟು ಹಿಮ್ಮಡಿ ಇಳಿಸಿ ಎತ್ತುವುದು, ಒಂದೊಂದೇ ಕಾಲಲ್ಲಿ, ದಿನ ಬಿಟ್ಟು ದಿನ. ಹಿಮ್ಮಡಿಯ ಹಿಂದಿನ ದಪ್ಪ ಹುರಿಯಂಥ ಸ್ನಾಯುರಜ್ಜು, ಅಂದರೆ ಅಕಿಲಿಸ್ ಟೆಂಡನ್, ಸ್ಪ್ರಿಂಗ್ ಥರ. ಕಾಲು ನೆಲಕ್ಕೆ ಬಿದ್ದಾಗ ಹಿಗ್ಗುತ್ತದೆ, ಎತ್ತುವಾಗ ಆ ಶಕ್ತಿಯನ್ನು ವಾಪಸ್ ಕೊಡುತ್ತದೆ. ಅದು ಬಿಗಿಯಾಗಿದ್ದಷ್ಟೂ ಸ್ನಾಯುವಿಗೆ ಕೆಲಸ ಕಮ್ಮಿ. ಜೊತೆಗೆ ಹೆಜ್ಜೆ ಚಿಕ್ಕದು ಮಾಡಿಕೊಂಡೆ. ನಿಮಿಷಕ್ಕೆ 158 ಹೆಜ್ಜೆ ಇದ್ದದ್ದು 168 ಆಯಿತು, ಮಂಡಿ ನೋವೂ ಹೋಯಿತು. ಶೂ ವಿಷಯದಲ್ಲಿ ನಾನು ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ. ಶಿವನಾಥ್ ಸಿಂಗ್ 1978ರಲ್ಲಿ ಜಲಂಧರ್‌ನಲ್ಲಿ 2 ಗಂಟೆ 12 ನಿಮಿಷಕ್ಕೆ ಮ್ಯಾರಥಾನ್ ಮುಗಿಸಿದರು. ಬರಿಗಾಲಲ್ಲಿ ಓಡುತ್ತಿದ್ದ ಮನುಷ್ಯ. ಆ ದಾಖಲೆ ನಮ್ಮ ದೇಶದಲ್ಲಿ ದಶಕಗಟ್ಟಲೆ ಹಾಗೇ ಉಳಿಯಿತು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಬೆಂಗಳೂರು ಎತ್ತರದಲ್ಲಿದೆ, ಇಲ್ಲಿ ಓಡಿದವರು ಮುಂಬೈನಲ್ಲಿ ಹಾರಿಕೊಂಡು ಹೋಗುತ್ತಾರೆ ಅಂತ ನಮ್ಮಲ್ಲಿ ಎಷ್ಟೋ ಜನ ನಂಬಿದ್ದಾರೆ. ನಮ್ಮ ಎತ್ತರ 900 ಮೀಟರ್ ಚಿಲ್ಲರೆ. ರಕ್ತಕಣ ಹೆಚ್ಚಾಗಬೇಕಾದರೆ ಎರಡು ಸಾವಿರ ಮೀಟರಿನ ಮೇಲೆ ವಾರಗಟ್ಟಲೆ ಇರಬೇಕು. ದೇಶದ ದೊಡ್ಡ ಓಟಗಾರರು ಊಟಿಗೆ ಹೋಗುವುದು ಅದಕ್ಕೇ. ಮುಂಬೈನಲ್ಲಿ ನಮಗೆ ಬೆಂಗಳೂರಿನಿಂದ ಆಗುವುದು ಲಾಭ ಅಲ್ಲ, ನಷ್ಟ. ಕಾರಣ ಗಾಳಿಯ ತೇವ.

ಓಡುವಾಗ ಮೈ ಉರಿಸುವ ಶಕ್ತಿಯಲ್ಲಿ ನೂರಕ್ಕೆ ಇಪ್ಪತ್ತರಿಂದ ಇಪ್ಪತ್ತೈದು ಪಾಲು ಮಾತ್ರ ಓಟಕ್ಕೆ ಹೋಗುತ್ತದೆ. ಮಿಕ್ಕಿದ್ದೆಲ್ಲ ಶಾಖ. ಆ ಶಾಖ ಹೋಗುವುದು ಬೆವರು ಆರಿದಾಗ, ಬೆವರು ಸುರಿದಾಗ ಅಲ್ಲ. ಬೆಂಗಳೂರಿನ ಜನವರಿಯಲ್ಲಿ ಬೆವರು ಬಂದದ್ದೇ ತಿಳಿಯದ ಹಾಗೆ ಆರಿಹೋಗುತ್ತದೆ. ಮುಂಬೈನಲ್ಲಿ ಮೊಣಕೈಯಿಂದ ತೊಟ್ಟಿಕ್ಕುತ್ತದೆ. ಮೈ ತಣ್ಣಗಾಗುವುದಿಲ್ಲ, ಹಾಗಾಗಿ ಹೃದಯ ಸ್ನಾಯುವಿಗೂ ರಕ್ತ ಕಳಿಸಬೇಕು, ಚರ್ಮಕ್ಕೂ ಕಳಿಸಬೇಕು. ವೇಗ ಅದೇ ಇದ್ದರೂ ಎದೆಬಡಿತ ಏರುತ್ತಾ ಹೋಗುತ್ತದೆ.

ನಮ್ಮನೆಯವರ ಊರು ಸುರತ್ಕಲ್. ಡಿಸೆಂಬರ್ ಕೊನೆಗೆ ರಜೆ ಹಾಕಿ ಹನ್ನೆರಡು ದಿನ ಅಲ್ಲಿ ಇದ್ದೆ. ಬೆಳಿಗ್ಗೆ ತಂಪಲ್ಲಿ ಅಲ್ಲ, ಬೇಕಂತಲೇ ಎಂಟೂವರೆಗೆ ಹೊರಟು ಲೈಟ್‌ಹೌಸ್ ಕಡೆ ರಸ್ತೆಯಲ್ಲಿ ಓಡಿದೆ. ಅತ್ತೆಗೆ ಗಾಬರಿ. "ಈ ಬಿಸಿಲಿಗೆ ಓಡ್ಲಿಕ್ಕೆ ಹೋಗುದಾ? ಬೇರೆ ಹೊತ್ತು ಸಿಗ್ಲಿಲ್ವಾ ನಿಂಗೆ?" ಮೊದಲ ದಿನ ಎಂಟು ಕಿಲೋಮೀಟರಿಗೇ ತಲೆ ದಿಮ್ಮೆಂದಿತು. ಅದೇ ವೇಗದಲ್ಲಿ ಮೊದಲ ದಿನ ಎದೆಬಡಿತ 149, ಹತ್ತನೇ ದಿನ 138. ಹತ್ತು ಹದಿನಾಲ್ಕು ದಿನ ಶಾಖಕ್ಕೆ ಒಡ್ಡಿಕೊಂಡರೆ ರಕ್ತದ ನೀರಿನಂಶ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಬೆವರಿನಲ್ಲಿ ಉಪ್ಪು ಕಮ್ಮಿಯಾಗುತ್ತದೆ. ಕಪ್ಪು ಟೀಶರ್ಟಿನ ಬೆನ್ನ ಮೇಲೆ ಮೊದಲ ದಿನಗಳಲ್ಲಿ ಬೀಳುತ್ತಿದ್ದ ಬಿಳಿ ಉಪ್ಪಿನ ಗೆರೆ ಕೊನೆಕೊನೆಗೆ ಮಸುಕಾಗಿತ್ತು.

ಬಚ್ಚಲುಮನೆಯಲ್ಲಿ ತೂಕದ ಯಂತ್ರ ಇಟ್ಟುಕೊಂಡು ಓಟದ ಮೊದಲು, ಆಮೇಲೆ ಮೈ ಒರೆಸಿಕೊಂಡು ತೂಗಿದೆ. ಒಂದೂವರೆ ಗಂಟೆ ಓಟ. 58.4 ಇದ್ದದ್ದು 57.0. ನಡುವೆ 400 ಮಿಲಿಲೀಟರ್ ನೀರು ಕುಡಿದಿದ್ದೆ. ಅಂದರೆ ಹೋದದ್ದು 1.8 ಲೀಟರ್, ಗಂಟೆಗೆ 1.2 ಲೀಟರ್. ಅಷ್ಟನ್ನೂ ಕುಡಿದು ತುಂಬಿಸಲು ಹೋಗಬಾರದು. ಬರೀ ನೀರು ಅತಿಯಾದರೆ ರಕ್ತದ ಸೋಡಿಯಂ ಇಳಿದು ಜೀವಕ್ಕೇ ಅಪಾಯ. ಅತ್ತೆ ದಿನಾ ಬೊಂಡ, ಅಂದರೆ ಎಳನೀರು, ಕೆತ್ತಿ ಇಡುತ್ತಿದ್ದರು. ಬೊಂಡದಲ್ಲಿ ಪೊಟ್ಯಾಶಿಯಂ ಜಾಸ್ತಿ, ಸೋಡಿಯಂ ಕಮ್ಮಿ. ಬೆವರಲ್ಲಿ ಹೋಗುವುದು ಸೋಡಿಯಂ. ಅದಕ್ಕೆ ಚಿಟಿಕೆ ಉಪ್ಪು ಹಾಕಿಕೊಂಡು ಕುಡಿದೆ.

ದಾರಿಯ ಊಟಕ್ಕೆ ಬೆಲ್ಲದ ಪಾನಕವೇ ಸರಿ ಅಂತ ತೀರ್ಮಾನಿಸಿದ್ದೂ ಆ ಮನೆಯಲ್ಲೇ. ಬೆಲ್ಲದಲ್ಲಿ ಹೆಚ್ಚಿನ ಪಾಲು ಸುಕ್ರೋಸ್. ಅದು ಒಡೆದರೆ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ಕರುಳು ಇವೆರಡನ್ನೂ ಬೇರೆ ಬೇರೆ ಬಾಗಿಲಿನಿಂದ ಒಳಗೆ ತಗೊಳ್ಳುತ್ತದೆ, ಹಾಗಾಗಿ ನೂಕುನುಗ್ಗಲು ಇಲ್ಲ. 50 ಗ್ರಾಂ ಬೆಲ್ಲ ಕರಗಿಸಿ, ಬಟ್ಟೆಯಲ್ಲಿ ಸೋಸಿ, ನಿಂಬೆರಸ, ಉಪ್ಪು ಹಾಕಿ ಕಾಲು ಲೀಟರಿನ ಮೆತ್ತನೆ ಬಾಟಲಿಗೆ ತುಂಬಿದೆ. ಮೊದಲ ಸಲ ಶುಂಠಿ, ಮೆಣಸು ಹಾಕಿದ್ದೆ, ಹದಿನೈದು ಕಿಲೋಮೀಟರಿಗೆ ಹೊಟ್ಟೆ ಉರಿಯಿತು. ಅವೆರಡನ್ನೂ ಬಿಟ್ಟೆ. ಹೊಟ್ಟೆಗೂ ಅಭ್ಯಾಸ ಬೇಕು. ಭಾನುವಾರದ ಓಟಗಳಲ್ಲಿ ಗಂಟೆಗೆ ಸುಮಾರು 45 ಗ್ರಾಂ ಸಕ್ಕರೆಯಂಶ ಒಳಗೆ ಹೋಗುವ ಹಾಗೆ ಕುಡಿದುಕೊಂಡೇ ಓಡಿದೆ.

ಸುರತ್ಕಲ್‌ಗೆ ಹೋಗುವ ಮೊದಲು ಮಾಸ್ಕ್ ಪರೀಕ್ಷೆ ಇನ್ನೊಮ್ಮೆ ಮಾಡಿಸಿದ್ದೆ. ವಿಓ2 ಮ್ಯಾಕ್ಸ್ 43, ಅಷ್ಟೇನೂ ಏರಿರಲಿಲ್ಲ. ಆದರೆ 9.5 ವೇಗಕ್ಕೆ ಖರ್ಚಾಗುವ ಆಮ್ಲಜನಕ 33.4ಕ್ಕೆ ಇಳಿದಿತ್ತು. ನೂರಕ್ಕೆ 86 ಪಾಲು ಇದ್ದದ್ದು 78 ಆಗಿತ್ತು. ಲ್ಯಾಕ್ಟೇಟ್ ಏರುವ ವೇಗ 6:10ರಿಂದ 5:40ಕ್ಕೆ ಬಂದಿತ್ತು. "ಇಂಜಿನ್ ಅದೇ ಮೇಡಂ, ಗಾಡಿ ಬೇರೆ" ಎಂದ ಆ ಹುಡುಗ.

2025ರ ಜನವರಿ 19. ಬೆಳಗಿನ ಜಾವ ಸಿಎಸ್‌ಎಂಟಿ ರೈಲು ನಿಲ್ದಾಣದ ಮುಂದೆ ನಿಂತಾಗ ಕೈಯಲ್ಲಿ ಎರಡು ಬಾಟಲಿ ಪಾನಕ, ಸೊಂಟದ ಪಟ್ಟಿಯಲ್ಲಿ ನಾಲ್ಕು ಜೆಲ್, ಅಂದರೆ ಓಡುತ್ತಲೇ ಹಿಂಡಿಕೊಂಡು ತಿನ್ನುವ ಸಕ್ಕರೆ ಪಾಕದ ಪೊಟ್ಟಣ. ಮರೀನ್ ಡ್ರೈವ್‌ನಲ್ಲಿ ಜನ ನನ್ನನ್ನು ದಾಟಿ ಹೋಗುತ್ತಿದ್ದರು. ಬಿಟ್ಟೆ. ಹಸಿವಾಗಲಿ ಬಿಡಲಿ ಇಪ್ಪತ್ತು ನಿಮಿಷಕ್ಕೊಮ್ಮೆ ಎರಡು ಗುಟುಕು. ನೀರು ಸಿಕ್ಕ ಕಡೆಯೆಲ್ಲ ಒಂದು ಲೋಟ ಕುತ್ತಿಗೆ ಮೇಲೆ. ಸಮುದ್ರದ ಮೇಲಿನ ಸೇತುವೆ ಸೀ ಲಿಂಕ್ ಮೇಲೆ ಗಾಳಿ ಬೀಸಿತು, ಮೈ ಚೂರು ಆರಿತು. ಅರ್ಧ ದಾರಿಗೆ 2 ಗಂಟೆ 13 ನಿಮಿಷ. ಹಿಂದಿನ ವರ್ಷಕ್ಕೂ ಇದಕ್ಕೂ ಒಂದೇ ನಿಮಿಷದ ವ್ಯತ್ಯಾಸ.

ಪೆಡ್ಡರ್ ರೋಡ್ ಬಂತು. ಬಿಸಿಲಾಗಿತ್ತು. ವಾಚಿನಲ್ಲಿ 156. ಹೆಜ್ಜೆ ಇನ್ನೂ ಚಿಕ್ಕದು ಮಾಡಿದೆ, ನೋಟ ನೆಲದ ಮೇಲೆ. ತೊಡೆ ಉರಿಯುತ್ತಿತ್ತು, ನೋವಿತ್ತು, ಆದರೆ ಎತ್ತು ಅಂದಾಗ ಕಾಲು ಏಳುತ್ತಿತ್ತು. ನಾನು ನಿಂತಿದ್ದ ಡಿವೈಡರ್ ಹತ್ತಿರ ಒಬ್ಬ ಹುಡುಗಿ ಮಂಡಿ ಹಿಡಿದುಕೊಂಡು ಬಗ್ಗಿ ನಿಂತಿದ್ದಳು. ಉಳಿದಿದ್ದ ಒಂದು ಜೆಲ್ ಅವಳಿಗೆ ಕೊಟ್ಟೆ. ಏನೂ ಮಾತಾಡದೆ ತಗೊಂಡಳು.

4 ಗಂಟೆ 27 ನಿಮಿಷ. ಎರಡನೇ ಅರ್ಧಕ್ಕೆ 2:14.

ಮಾರ್ಚ್‌ನಲ್ಲಿ ಮತ್ತೆ ಪರೀಕ್ಷೆಗೆ ರಕ್ತ ಕೊಟ್ಟೆ. ಫೆರಿಟಿನ್ 29ಕ್ಕೆ ಇಳಿದಿತ್ತು. ಡಾಕ್ಟರ್ ಇನ್ನೂ ಮೂರು ತಿಂಗಳು ದಿನ ಬಿಟ್ಟು ದಿನ ಮಾತ್ರೆ ಬರೆದರು, ಮುಟ್ಟಿನ ತೊಂದರೆಗೆ ಬೇರೆ ಡಾಕ್ಟರನ್ನು ನೋಡಿ ಎಂದರು, ನೋಡಿದೆ. ನಮ್ಮ ಗುಂಪಿನ ಇಬ್ಬರು ಹೆಂಗಸರು ಕಳೆದ ವಾರ ಫೆರಿಟಿನ್ ಮಾಡಿಸಿದ್ದಾರೆ. ಒಬ್ಬರದು 9 ಬಂದಿದೆ. ನಾಳೆ ಬೆಳಿಗ್ಗೆ ಲಾಲ್‌ಬಾಗ್ ಪಶ್ಚಿಮದ ಗೇಟಿನ ಹತ್ತಿರ ಸೇರುತ್ತಿದ್ದೇವೆ, ಅವರೂ ಬರುತ್ತಾರೆ. ಎಂಟು ಕಿಲೋಮೀಟರ್, ಮಾತಾಡಿಕೊಂಡು.